ಡೇರೆಯ ಬಿಲ್ಲಿನಲ್ಲಿ ಕಾಡಿನ ಗೇಣಿ

ಕೀನ್ಯಾದ ಮಸಾಯಿ ಮಾರಾ ಸುತ್ತಮುತ್ತಲಿನ ಒಳ್ಳೆಯ ಡೇರೆ ಕ್ಯಾಂಪ್‌ಗಳಲ್ಲಿ ಒಬ್ಬರ ಒಂದು ರಾತ್ರಿಯ ದರ 400 ಡಾಲರ್ ಆಸುಪಾಸಿನಿಂದ ಶುರುವಾಗಿ 1,000 ದಾಟುವುದೂ ಉಂಟು. ಡಾಲರಿಗೆ 90 ರೂಪಾಯಿ, ಚಾಲಿ ಅಡಿಕೆಗೆ ಕಿಲೋಗೆ 450 ರೂಪಾಯಿ ಹಿಡಿದರೆ, ಕಡಿಮೆ ದರದ ಡೇರೆಗೇ ತಲೆಗೆ 80 ಕಿಲೋ ಅಡಿಕೆ. ಈ ಲೆಕ್ಕ ಹಾಕಿದ್ದು ಕಡಬದಲ್ಲಿರುವ ನನ್ನ ಹೆಂಡತಿಯ ತಮ್ಮ. “ಡೇರೆಯಲ್ಲಿ ಮಲಗ್ಲಿಕ್ಕೆ ಇಷ್ಟು ದುಡ್ಡಾ ಭಾವ? ಆನೆ ನಮ್ಮಲ್ಲಿಗೆ ಪುಕ್ಕಟೆ ಬರ್ತದಲ್ಲ” ಎಂದ.

ಅವನು ತಮಾಷೆಗೆ ಹೇಳಿದ ಮಾತಲ್ಲ ಅದು. ಅವನ ತೋಟದ ಮೇಲಿನ ಬದಿ ಕಾಡಿಗೆ ತಾಗಿದೆ. ಆನೆ ಬಂದ ರಾತ್ರಿ ಬಾಳೆ ಹೋಗುತ್ತದೆ, ನಾಲ್ಕೈದು ವರ್ಷ ಸಾಕಿದ ಅಡಿಕೆ ಗಿಡ ಅಡ್ಡ ಬೀಳುತ್ತದೆ. ಮನೆಯಲ್ಲಿ ಯಾವಾಗಲೂ ಗರ್ನಾಲು ತಂದಿಟ್ಟಿರುತ್ತಾರೆ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆಯ ದಾಳಿಗೆ ಇಬ್ಬರು ಬಲಿಯಾದದ್ದನ್ನು ಆ ಕಡೆಯವರು ಯಾರೂ ಮರೆತಿಲ್ಲ. ಅಂಥವನು ಕೇಳಿದ ಪ್ರಶ್ನೆಗೆ ‘ಅದು ಬೇರೆ, ಇದು ಬೇರೆ’ ಎಂದು ಉತ್ತರಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಾವು ಮಾರಾಕ್ಕೆ ಹೋಗಿ ಬಂದ ಮೇಲೆ ಕ್ಯಾಂಪಿನ ಬಿಲ್ಲನ್ನು ಮುಂದಿಟ್ಟುಕೊಂಡು ಯಾವ ದುಡ್ಡು ಎಲ್ಲಿಗೆ ಹೋಯಿತು ಎಂದು ಬಿಡಿಸಿ ನೋಡಿದೆ.

ಡೇರೆಯ ಒಳಗೆ ಹಾಸಿಗೆ, ಮೇಜು, ಹಿಂಬದಿಯಲ್ಲಿ ಬಚ್ಚಲು. ಸಂಜೆ ಸ್ನಾನಕ್ಕೆ ಹೊತ್ತು ಹೇಳಿಟ್ಟರೆ ಹುಡುಗನೊಬ್ಬ ಕಟ್ಟಿಗೆ ಒಲೆಯಲ್ಲಿ ಕಾಯಿಸಿದ ನೀರು ತಂದು, ಡೇರೆಯ ಹಿಂದೆ ಕಂಬಕ್ಕೆ ತೂಗುಹಾಕಿದ ಕ್ಯಾನ್ವಾಸ್ ಚೀಲಕ್ಕೆ ಸುರಿಯುತ್ತಾನೆ. ಒಳಗಿನಿಂದ ಸರಪಳಿ ಎಳೆದರೆ ನೀರು ಬೀಳುತ್ತದೆ. ಸೋಪು ಹಚ್ಚುವಾಗ ನಿಲ್ಲಿಸದಿದ್ದರೆ ತಲೆಯ ನೊರೆ ತೊಳೆಯುವ ಮೊದಲೇ ಚೀಲ ಖಾಲಿ. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ, ರಾತ್ರಿ ಚಳಿ. ಮಲಗುವ ಹೊತ್ತಿಗೆ ಕಂಬಳಿಯ ಕೆಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ. ಕತ್ತಲಾದ ಮೇಲೆ ಊಟಕ್ಕೆ ಹೋಗಬೇಕಾದರೂ ಮಸಾಯಿ ಕಾವಲುಗಾರ ಟಾರ್ಚ್ ಹಿಡಿದು ಬಂದು ಕರೆದೊಯ್ಯಬೇಕು. ಬೇಲಿ ಇಲ್ಲ. ನಮ್ಮ ಡೇರೆಯ ಹತ್ತಿರ ಏನೋ ಹುಲ್ಲು ಕೀಳುವ ಸದ್ದು ರಾತ್ರಿಯಿಡೀ ಕೇಳುತ್ತಿತ್ತು. ಬೆಳಿಗ್ಗೆ ಜಿಪ್ ತೆರೆದಾಗ ನೀರಾನೆಯ ಹೆಜ್ಜೆ ಎಂದು ತೋರಿಸಿದರು.

ಸುಖ ಅಂದರೆ ಇಷ್ಟೇ. ಇಷ್ಟಕ್ಕೇ ಆ ದರ ಬರುವುದಿಲ್ಲ. ದರ ಬರುವುದು ಭೂಮಿಯಿಂದ.

ಮಸಾಯಿ ಮಾರಾ ರಾಷ್ಟ್ರೀಯ ಮೀಸಲಿನ ಉತ್ತರಕ್ಕೂ ಪೂರ್ವಕ್ಕೂ ಇರುವ ಬಹುಪಾಲು ಹುಲ್ಲುಗಾವಲು ಮಸಾಯಿ ಕುಟುಂಬಗಳ ಹೆಸರಿನಲ್ಲಿರುವ ಜಮೀನು. 2000ರ ನಂತರ ಈ ಕುಟುಂಬಗಳು ಒಟ್ಟುಸೇರಿ ತಮ್ಮ ಜಾಗವನ್ನು ಕ್ಯಾಂಪ್ ನಡೆಸುವವರಿಗೆ ಗೇಣಿಗೆ ಕೊಡತೊಡಗಿದವು. ಇದಕ್ಕೆ ಕನ್ಸರ್ವೆನ್ಸಿ ಎನ್ನುತ್ತಾರೆ. ಓಲಾರೆ ಮೊಟೊರೊಗಿ, ಮಾರಾ ನಾರ್ತ್, ನಬೊಯಿಶೊ ಇವುಗಳಲ್ಲಿ ಹೆಸರುವಾಸಿಯಾದವು. ಎಕರೆಗೆ ಇಷ್ಟು ಎಂದು ಲೆಕ್ಕಹಾಕಿದ ಗೇಣಿ ಪ್ರತಿ ಕುಟುಂಬಕ್ಕೆ ಸಂದಾಯವಾಗಬೇಕು, ಅತಿಥಿ ಬಂದರೂ ಬಾರದಿದ್ದರೂ. ಆ ಜಾಗದಲ್ಲಿ ಬೇಲಿ ಹಾಕುವಂತಿಲ್ಲ, ಉಳುವಂತಿಲ್ಲ. ದನ ಮೇಯಿಸುವುದಕ್ಕೆ ಕಟ್ಟುಪಾಡು ಉಂಟು. ಇದರ ಜೊತೆಗೆ ಡೇರೆಗಳಿಗೂ ಮಿತಿ ಇದೆ. ಓಲಾರೆ ಮೊಟೊರೊಗಿಯಲ್ಲಿ 700 ಎಕರೆಗೆ ಒಂದು ಡೇರೆ ಎಂಬ ನಿಯಮ.

700 ಎಕರೆಗೆ ಒಂದು ಕೋಣೆ! ಸುಳ್ಯದಲ್ಲಿ ಐದಾರು ಎಕರೆ ತೋಟ ಇರುವವನನ್ನು ನಾವು ಅನುಕೂಲಸ್ಥ ಎನ್ನುತ್ತೇವೆ. 700 ಎಕರೆ ಜಾಗವನ್ನು ಸಿಂಹಕ್ಕೂ ಜಿಂಕೆಗೂ ಬಿಟ್ಟು, ಅದರ ಗೇಣಿಯನ್ನು ಒಂದು ಡೇರೆಯಲ್ಲಿ ಮಲಗುವ ಇಬ್ಬರಿಂದ ಹುಟ್ಟಿಸಬೇಕಾದರೆ ದರ ಹೇಗೆ ಕಡಿಮೆಯಾದೀತು? ನಮಗೆ ಕಾಡು ತೋರಿಸಿದ ಗೈಡ್ ಅಂಥದೇ ಕುಟುಂಬದ ಹುಡುಗ. ಗೇಣಿ ದುಡ್ಡಿನಲ್ಲಿ ತಂಗಿಯ ಶಾಲೆಯ ಫೀಸು ನಡೆಯುತ್ತದೆ ಎಂದ. ಈ ವ್ಯವಸ್ಥೆಯಲ್ಲೂ ತೂತುಗಳಿವೆ. ಕೋವಿಡ್ ಕಾಲದಲ್ಲಿ ಅತಿಥಿಗಳೇ ಇಲ್ಲದೆ ಹಲವು ಕಡೆ ಗೇಣಿ ಕಡಿತವಾಯಿತು. ಜಾಗ ಇಲ್ಲದ ಕುಟುಂಬಕ್ಕೆ ಪಾಲು ಇಲ್ಲ, ಮೇವಿನ ಜಾಗ ಕಳೆದುಕೊಂಡ ಸಿಟ್ಟು ಉಂಟು. ಆದರೂ ಆನೆಯನ್ನು ಸಹಿಸುವವನಿಗೆ ಆನೆ ನೋಡಲು ಬಂದವನ ದುಡ್ಡು ತಲುಪುವ ದಾರಿಯೊಂದು ಅಲ್ಲಿದೆ. ನನ್ನ ಭಾವಮೈದುನನಿಗೆ ಅಂಥ ದಾರಿ ಇಲ್ಲ. ತೋಟ ಹಾಳಾದ ಮೇಲೆ ಫೋಟೊ ತೆಗೆದು, ಆರ್‌ಟಿಸಿ ಲಗತ್ತಿಸಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಅದು ನಷ್ಟದ ಬಾಬ್ತು; ಆನೆಗೆ ಜಾಗ ಬಿಟ್ಟದ್ದಕ್ಕೆ ಸಿಗುವ ಆದಾಯವಲ್ಲ. ಪುಷ್ಪಗಿರಿಯ ತಪ್ಪಲಿನ ಹೋಂಸ್ಟೇಗಳು ಇದೇ ಕಾಡನ್ನು ತೋರಿಸಿ ದುಡಿಯುತ್ತವೆ. ಕಾಡಂಚಿನ ತೋಟದವರು ಪಂಚಾಯತು ಮಟ್ಟದಲ್ಲಿ ಒಟ್ಟಾಗಿ, ಕೋಣೆಯೊಂದಕ್ಕೆ ಇಷ್ಟು ಎಂದು ಕಾಡಿನ ಪಾಲು ಕೇಳುವ ವ್ಯವಸ್ಥೆ ನಮ್ಮಲ್ಲೂ ಬರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಅಡಿಕೆಯ ಸಹಕಾರ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಬೆಳೆಗಾರರು ಒಟ್ಟಾದದ್ದರಿಂದಲೇ. ಸಹಕಾರ ನಮಗೆ ಹೊಸತಲ್ಲ.

ಹಾಗಾಗಿ ಕ್ಯಾಂಪ್ ಆರಿಸುವಾಗ ನಾನು ಮೊದಲು ಕೇಳುವುದು ಒಂದೇ: ನಿಮ್ಮ ದರದಲ್ಲಿ ಕನ್ಸರ್ವೆನ್ಸಿಯ ಶುಲ್ಕ ರಾತ್ರಿಗೆ ಎಷ್ಟು? ಅದನ್ನು ಬೇರೆಯಾಗಿ ಬರೆದು ಕೊಡುವ ಕ್ಯಾಂಪಿಗೆ ಸ್ವಲ್ಪ ಹೆಚ್ಚು ಕೊಡಲು ನಾನು ತಯಾರು. ಡೇರೆಯೊಳಗಿನ ಸ್ನಾನದ ತೊಟ್ಟಿಗೂ ಖಾಸಗಿ ಈಜುಕೊಳಕ್ಕೂ ಹೆಚ್ಚು ಕೊಡಲು ತಯಾರಿಲ್ಲ.

ಇನ್ನು ಕಾಲದ ಮಾತು. ರಾಷ್ಟ್ರೀಯ ಮೀಸಲಿನ ಒಳಗೆ ಹೋಗಲು 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಗಂಡ ಹೆಂಡತಿ ಮೂರು ದಿನ ಒಳಗೆ ಹೋದರೆ ಜುಲೈಯಲ್ಲಿ 1,08,000 ರೂಪಾಯಿ, ಜೂನಿನಲ್ಲಿ 54,000. ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವುದು ಜುಲೈಯಿಂದ ಅಕ್ಟೋಬರ್ ನಡುವೆ. ಅದನ್ನೇ ನೋಡಬೇಕೆಂದರೆ ದುಬಾರಿ ಕಾಲವೇ ಗತಿ. ಸಿಂಹ, ಚಿರತೆ, ಆನೆ ವರ್ಷವಿಡೀ ಅಲ್ಲೇ ಇರುತ್ತವೆ. ಅಲ್ಲಿಯ ದೊಡ್ಡ ಮಳೆ ಮೇ ಕೊನೆಯ ಹೊತ್ತಿಗೆ ಇಳಿಯುತ್ತದೆ. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮೊದಲ ಸಲದ ಬೋರ್ಡೊ ಮದ್ದು ಬಿಟ್ಟರೆ ಎರಡನೆಯದಕ್ಕೆ ಸುಮಾರು ನಲವತ್ತು ದಿನ ಬಿಡುವು. ಕೊಯ್ಲು ಮುಗಿದಿರುತ್ತದೆ, ಅಂಗಳದಲ್ಲಿ ಒಣಗುವ ಅಡಿಕೆ ಇರುವುದಿಲ್ಲ. ಜೂನ್ ಎರಡನೇ ಅರ್ಧ ತೋಟದವನಿಗೆಂದೇ ಬಿಟ್ಟುಕೊಟ್ಟ ಕಾಲದ ಹಾಗಿದೆ. ನಾವು ಹೋದದ್ದು ಆಗಲೇ.

ಕನ್ಸರ್ವೆನ್ಸಿಯಲ್ಲಿ ಉಳಿದವರು ದಿನವೂ ಮೀಸಲಿನ ಒಳಗೆ ಹೋಗಬೇಕೆಂದೂ ಇಲ್ಲ. ಒಂದು ದಿನ ಹೋಗಿ, ಉಳಿದ ದಿನ ಕನ್ಸರ್ವೆನ್ಸಿಯಲ್ಲೇ ತಿರುಗಿದರೆ ಪ್ರವೇಶ ಶುಲ್ಕ ಇನ್ನೂ ಇಳಿಯುತ್ತದೆ. ರಾತ್ರಿ ಸಫಾರಿ, ಗೈಡ್ ಜೊತೆ ನಡಿಗೆ ಮೀಸಲಿನ ಒಳಗೆ ಇಲ್ಲ; ಕನ್ಸರ್ವೆನ್ಸಿಗಳಲ್ಲಿ ಉಂಟು.

ನಮ್ಮ ಕಡೆಯವರು ಹೆಚ್ಚಾಗಿ ಎಡವುವ ಜಾಗ ಟಿಸಿಎಸ್. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಏಜೆಂಟ್ ನಿಮ್ಮ ಪ್ಯಾನ್ ಹೆಸರಿನಲ್ಲಿ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತಾನೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಶೇ 5, ಅದರ ಮೇಲಿನ ಮೊತ್ತಕ್ಕೆ ಶೇ 20 ಇತ್ತು. 2026ರ ಬಜೆಟ್ ಮೊತ್ತ ಎಷ್ಟಿದ್ದರೂ ಶೇ 2ಕ್ಕೆ ಇಳಿಸುವ ಪ್ರಸ್ತಾವ ಮಾಡಿತು. 6 ಲಕ್ಷದ ಪ್ಯಾಕೇಜಿಗೆ ಶೇ 5ರಂತೆ 30,000 ರೂಪಾಯಿ ಆಗುತ್ತಿತ್ತು. ಇದು ಹೋದ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸು ಬರುತ್ತದೆ. ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ತೋಟದವರಲ್ಲಿ ಬಹಳ ಮಂದಿ ರಿಟರ್ನ್ ಹಾಕುವುದೇ ಇಲ್ಲ. ರಿಟರ್ನ್ ಹಾಕದವನಿಗೆ ರಿಫಂಡ್ ಬರುವುದಿಲ್ಲ. ಪ್ರವಾಸದ ವರ್ಷಕ್ಕಾದರೂ ಪುತ್ತೂರಿನಲ್ಲಿ ಯಾರಾದರೂ ಆಡಿಟರ್ ಬಳಿ ಹೋಗಿ, ನಿಮ್ಮ ಪ್ಯಾನ್‌ನ ತೆರಿಗೆ ಖಾತೆಯಲ್ಲಿ ಆ ಮೊತ್ತ ಕಾಣುತ್ತದೆಯೇ ನೋಡಿಸಿ, ರಿಟರ್ನ್ ಹಾಕಿಸಿ.

ದುಡ್ಡು ಕೂಡಿಸಿದ್ದು ಹೇಗೆಂದು ಕೇಳುವವರಿಗೆ: ಪ್ರತಿ ವರ್ಷ ಹಳೆ ಅಡಿಕೆ ಕೊಟ್ಟಾಗ ಬಂದದ್ದರಲ್ಲಿ ಒಂದು ಪಾಲನ್ನು ಸೊಸೈಟಿಯಲ್ಲಿ ಠೇವಣಿ ಇಡುತ್ತಾ ಬಂದೆವು. ಹಳದಿ ಎಲೆ ರೋಗ ಬಂದ ತೋಟದವರಿಗೆ ಈ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ; ಅವರು ಮೊದಲು ತೋಟ ಉಳಿಸಿಕೊಳ್ಳಬೇಕು. ಸೊಸೈಟಿಯ ಬೆಳೆ ಸಾಲ ಬಡ್ಡಿಯಿಲ್ಲದ್ದು, ಮಿತಿ 5 ಲಕ್ಷದವರೆಗೆ ಇದೆ ಎಂದು ಅದರಲ್ಲಿ ತಿರುಗಲು ಹೊರಟವರನ್ನು ಕಂಡಿದ್ದೇನೆ. ವಾಯಿದೆಯೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ, ಮುಂದಿನ ವರ್ಷ ಗೊಬ್ಬರಕ್ಕೂ ಕೂಲಿಗೂ ಕೈ ಖಾಲಿ. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಹೊರಡುವ ಮೊದಲು ಲಸಿಕೆಯ ಮಾತೂ ನೆನಪಿರಲಿ: ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹತ್ತು ದಿನ ಕಳೆದ ಮೇಲಷ್ಟೇ ಅದರ ಪ್ರಮಾಣಪತ್ರ ಊರ್ಜಿತ. ಅದಿಲ್ಲದೆ ಕೀನ್ಯಾದಿಂದ ಮರಳಿದರೆ ಇಲ್ಲಿ ಆರು ದಿನ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.

ಇಷ್ಟೆಲ್ಲ ಬೇಡ, ಡೇರೆಯಲ್ಲಿ ಮಲಗಿ ಕಾಡು ನೋಡಿದರೆ ಸಾಕು ಎನ್ನುವವರಿಗೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ಡೇರೆಗಳಿವೆ. ದರ ತಲೆಲೆಕ್ಕದಲ್ಲಿ, ಊಟ, ಸಫಾರಿ ಅದರಲ್ಲೇ ಸೇರಿರುತ್ತದೆ. ಮಧ್ಯಾಹ್ನ ಸೇರಿಕೊಂಡರೆ ಸಂಜೆ ಒಂದು, ಮರುದಿನ ಬೆಳಿಗ್ಗೆ ಇನ್ನೊಂದು ಸಫಾರಿ ಒಂದೇ ರಾತ್ರಿಯ ಬಾಡಿಗೆಯಲ್ಲಿ ಸಿಗುತ್ತದೆ. ಖಾಸಗಿಯವರಲ್ಲಿ ಕೋಣೆಯ ಬಾಡಿಗೆ ದಿನಕ್ಕೆ 7,500 ದಾಟಿದ ಕೂಡಲೇ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರುತ್ತದೆ ಎಂಬುದೂ ಗೊತ್ತಿರಲಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದರು. ರೈತರ ಜೀವದ ಪ್ರಶ್ನೆ ಅದು, ನಿಲ್ಲಿಸಿದ್ದು ಸರಿ. ಆದರೆ ಸಫಾರಿಗೆಂದೇ ಕೋಣೆ ಕಾದಿರಿಸಿದವರು ಇರುತ್ತಾರಲ್ಲ. ಅಂಥ ದಿನ ಬಂದರೆ ದುಡ್ಡು ವಾಪಸೋ, ಬೇರೆ ದಿನಾಂಕವೋ, ಎರಡೂ ಇಲ್ಲವೋ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ.