ಒಂದೇ ಏವಿಯರಿಯಲ್ಲಿ ಐದು ಗಿಳಿ: ಪ್ರಾಣಿವೈದ್ಯರ ಉತ್ತರ

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. ಹಿತ್ತಲಲ್ಲಿ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಏವಿಯರಿ ಕಟ್ಟಿಸಿ ಐದು ರಿಂಗ್‌ನೆಕ್ ಗಿಳಿ ಸಾಕಿದ್ದೇವೆ. ಎರಡು ಗಂಡು, ಎರಡು ಹೆಣ್ಣು, ಒಂದು ಮರಿ. ಬೇಸಿಗೆಯಿಡೀ ಒಂದೇ ಕೊಂಬೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಜನವರಿ ಮುಗಿಯುತ್ತಿದ್ದಂತೆ ದೊಡ್ಡ ಹೆಣ್ಣು ಉಳಿದವನ್ನೆಲ್ಲ ಅಟ್ಟಾಡಿಸುತ್ತಿದೆ. ನೀಲಿ ಗಂಡಿನ ತಲೆಯ ಪುಕ್ಕ ಕಿತ್ತು ಗಾಯವಾಗಿದೆ, ಅದು ನೆಲ ಬಿಟ್ಟು ಏಳುತ್ತಿಲ್ಲ. ನಿನ್ನೆ ಮರಿಯ ಕಾಲ್ಬೆರಳಿನಿಂದ ರಕ್ತ ಬಂತು. ಗೂಡಿನ ಪೆಟ್ಟಿಗೆ ಒಂದೇ ಇದೆ, ಇನ್ನೊಂದು ಇಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಪೆಟ್ಟಿಗೆಯ ಮಾತು ಆಮೇಲೆ. ನೀಲಿ ಗಂಡನ್ನೂ ಮರಿಯನ್ನೂ ಇವತ್ತೇ ಹೊರಗೆ ತೆಗೆಯಿರಿ. ಎರಡನ್ನೂ ಬೇರೆ ಬೇರೆ ಪಂಜರದಲ್ಲಿಟ್ಟು ಮನೆಯೊಳಗೆ ಬೆಚ್ಚಗಿನ ಕೋಣೆಯಲ್ಲಿಡಿ. ಅಡುಗೆಮನೆ ಮಾತ್ರ ಬೇಡ. ನಾನ್‌ಸ್ಟಿಕ್ ದೋಸೆ ಕಾವಲಿ ಮಿತಿಮೀರಿ ಕಾದರೆ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಗಾಯಕ್ಕೆ ಅರಿಶಿನ, ಎಣ್ಣೆ, ಮುಲಾಮು ಏನನ್ನೂ ಹಚ್ಚಬೇಡಿ. ಎಣ್ಣೆ ತಾಗಿದ ಪುಕ್ಕ ಮೈಯ ಬಿಸಿ ಹಿಡಿದಿಡುವುದಿಲ್ಲ. ಬೆರಳಿನ ರಕ್ತ ನಿಲ್ಲದಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಆಮೇಲೆ ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ, ನಾಳೆಗೆ ಮುಂದೂಡಬೇಡಿ. ಈ ಗಿಳಿಯ ತೂಕವೇ ಸುಮಾರು 120 ಗ್ರಾಂ. ಮೈಯಲ್ಲಿರುವ ರಕ್ತವನ್ನೆಲ್ಲ ಅಳೆದರೂ ಎರಡು ಟೀ ಚಮಚದ ಆಸುಪಾಸು. ನಮಗೆ ನಾಲ್ಕು ಹನಿ ಎನಿಸುವುದು ಅದಕ್ಕೆ ದೊಡ್ಡ ನಷ್ಟ. ನೆಲದಲ್ಲೇ ಕೂತಿರುವ ಗಿಳಿಯೆಂದರೆ ಮೇಲೆ ಕೂರಲು ಬಿಡದೆ, ತಿನ್ನಲು ಬಿಡದೆ ಕೆಳಕ್ಕೆ ತಳ್ಳಲ್ಪಟ್ಟ ಗಿಳಿ. ಗಾಯಕ್ಕಿಂತ ಮೊದಲು ಹಸಿವೇ ಅದನ್ನು ಕೊಂದೀತು.

ಬೇಸಿಗೆಯಲ್ಲಿ ಸಾಲಾಗಿ ಕೂತವು ಈಗೇಕೆ ಹೀಗೆ? ಇಂಗ್ಲೆಂಡಿನಲ್ಲಿ ಈ ಗಿಳಿಗಳು ಜನವರಿ, ಫೆಬ್ರವರಿಗೇ ಗೂಡಿನ ಜಾಗ ಹುಡುಕತೊಡಗುತ್ತವೆ. ರಿಂಗ್‌ನೆಕ್‌ಗಳಲ್ಲಿ ಯಜಮಾನಿಕೆ ಹೆಣ್ಣಿನದು. ವರ್ಷದ ಬಹುಪಾಲು ಗಂಡನ್ನು ಅದು ಹತ್ತಿರ ಸೇರಿಸುವುದೇ ಕಡಿಮೆ. ಗೂಡಿನ ಕಾಲ ಬಂದಾಗ ಗಂಡು ತಲೆಬಾಗಿಸಿ, ಕಾಲೆತ್ತಿ, ತುತ್ತು ಕೊಟ್ಟು ಒಲಿಸಿಕೊಳ್ಳಬೇಕು. ಇನ್ನೊಂದು ಹೆಣ್ಣನ್ನಂತೂ ಆಗ ಅದು ಕಣ್ಣೆದುರು ಸಹಿಸುವುದಿಲ್ಲ. ಕಾಡಿನಲ್ಲೂ ಪೊಟರೆಗಾಗಿ ಜಗಳವಾಗುತ್ತದೆ. ಆದರೆ ಅಲ್ಲಿ ಸೋತ ಹಕ್ಕಿ ಇನ್ನೊಂದು ಮರಕ್ಕೆ ಹಾರಿಹೋಗುತ್ತದೆ, ಜಗಳ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಏವಿಯರಿಯಲ್ಲಿ ಸೋತ ಹಕ್ಕಿ ಹೋಗುವುದಾದರೂ ಎಲ್ಲಿಗೆ? ಜಾಲರಿಗೆ ಬಡಿದು ಗೆದ್ದ ಹಕ್ಕಿಯ ಕಣ್ಣೆದುರಿಗೇ ಮರಳಬೇಕು. ಸಂಜೆ ನೂರಾರು ಗಿಳಿ ಒಂದೇ ಮರಕ್ಕಿಳಿಯುವುದನ್ನು ಕಂಡವರು ‘ಇವು ಗುಂಪಿನ ಹಕ್ಕಿ, ಜೊತೆಗಿದ್ದರೇ ಖುಷಿ’ ಎನ್ನುತ್ತಾರೆ. ಆ ಗುಂಪಿನ ಶಾಂತಿಗೆ ಬೇಕಾದದ್ದು ಬೇಡವೆನಿಸಿದಾಗ ದೂರ ಹೋಗುವ ಸ್ವಾತಂತ್ರ್ಯ. ಅದನ್ನು ಕಿತ್ತುಕೊಂಡು ಗುಂಪನ್ನು ಮಾತ್ರ ಉಳಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ನೀವು ತಿಳಿದು ಮಾಡಿದ್ದಲ್ಲ ಎಂಬುದು ಪತ್ರ ಓದಿದರೇ ಗೊತ್ತಾಗುತ್ತದೆ.

ಹಾಗಾಗಿ ಇನ್ನೊಂದು ಪೆಟ್ಟಿಗೆ ಇಟ್ಟರೆ ಸಾಲದು. ದೊಡ್ಡ ಹೆಣ್ಣು ಎರಡನ್ನೂ ತನ್ನದೇ ಎಂದುಕೊಳ್ಳುತ್ತದೆ. ಏವಿಯರಿಯನ್ನು ಉದ್ದಕ್ಕೆ ಸೀಳಿ ಮೂರಡಿ ಅಗಲದ ಎರಡು ಮನೆ ಮಾಡಿ, ಒಂದೊಂದರಲ್ಲಿ ಒಂದೊಂದು ಜೋಡಿ ಬಿಡಿ. ಹನ್ನೆರಡು ಅಡಿ ಉದ್ದ ಉಳಿಯುವುದರಿಂದ ಹಾರಾಟಕ್ಕೆ ತೊಂದರೆಯಿಲ್ಲ. ನಡುವಿನ ಗೋಡೆಗೆ ಎರಡು ಪದರ ಜಾಲರಿ ಬೇಕು, ಪದರಗಳ ನಡುವೆ ಕನಿಷ್ಠ ಎರಡು ಇಂಚು ಅಂತರವಿರಲಿ. ಒಂದೇ ಪದರ ಹಾಕಿದರೆ ಜಾಲರಿ ಹಿಡಿದು ನೇತಾಡುವ ಹಕ್ಕಿಯ ಬೆರಳನ್ನು ಆಚೆಯದು ಕಚ್ಚಿ ತುಂಡರಿಸುತ್ತದೆ. ಗಿಳಿಗಳು ಬೆರಳು ಕಳೆದುಕೊಳ್ಳಲು ಇದೊಂದು ಮುಖ್ಯ ಕಾರಣ. ಗೂಡಿನ ಜಾಗವಿರುವ ತುದಿಯಲ್ಲಿ ಪದರಗಳ ನಡುವೆ ಹಲಗೆ ಹಾಕಿ ಮರೆ ಮಾಡಿದರೆ ಇನ್ನೂ ಒಳ್ಳೆಯದು. ಪ್ರತಿ ಮನೆಯಲ್ಲೂ ಆಹಾರ, ನೀರು ಎರಡೆರಡು ಕಡೆ ಇರಲಿ. ಕೂರುವ ಕೊಂಬೆಗಳು ಎರಡು ತುದಿಯಲ್ಲೂ ಒಂದೇ ಎತ್ತರದಲ್ಲಿರಲಿ. ಒಂದು ಮೇಲಿದ್ದರೆ ಅದಕ್ಕಾಗಿಯೇ ಕಾದಾಟ.

ಜೋಡಿ ಕೂಡಿಸುವಾಗ ಗಂಡನ್ನು ಹೆಣ್ಣಿನ ಮನೆಗೆ ಬಿಡಬೇಡಿ. ಗಂಡು ಮೊದಲು ಒಳಗಿದ್ದು ಜಾಗ ರೂಢಿಸಿಕೊಳ್ಳಲಿ, ಎರಡು ವಾರ ಜಾಲರಿಯಾಚೆಯಿಂದ ಒಂದನ್ನೊಂದು ನೋಡಲಿ, ಆಮೇಲೆ ಹೆಣ್ಣನ್ನು ಬಿಡಿ. ಮೊದಲ ದಿನ ನೀವು ಮನೆಯಲ್ಲಿರಿ. ಅಷ್ಟಾದರೂ ಒಗ್ಗದ ಜೋಡಿಗಳಿರುತ್ತವೆ. ಬಲವಂತ ಬೇಡ.

ಐದನೆಯದಾದ ಮರಿ ಗಂಡೋ ಹೆಣ್ಣೋ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಗಂಡಿಗೆ ಕೊರಳ ಪಟ್ಟಿ ಪೂರ್ತಿ ಮೂಡಲು ಎರಡೂವರೆ, ಮೂರು ವರ್ಷ ಬೇಕು. ಪುಕ್ಕದ ಡಿಎನ್‌ಎ ಪರೀಕ್ಷೆ ಮಾಡಿಸಿ. ಹೆಣ್ಣಾಗಿದ್ದರೆ ಅದಕ್ಕೆ ಸ್ವಂತ ಮನೆ ಬೇಕೇ ಬೇಕು. ಗಿಳಿಗಳ ಗುಂಪನ್ನೇ ನೋಡುವ ಆಸೆ ನಿಮ್ಮದಾದರೆ, ಹೆಣ್ಣುಗಳನ್ನು ಬೇರೆಡೆಗೆ ಕೊಟ್ಟು, ಪೆಟ್ಟಿಗೆ ತೆಗೆದು, ಗಂಡುಗಳನ್ನಷ್ಟೇ ಇಟ್ಟುಕೊಳ್ಳುವುದು ಹೆಚ್ಚು ಸುರಕ್ಷಿತ. ಆಗಲೂ ವಾರಕ್ಕೊಮ್ಮೆ ತೂಕ ನೋಡಿ. ಹತ್ತರಲ್ಲೊಂದು ಪಾಲು ಇಳಿದರೆ ಯಾರೋ ಅದಕ್ಕೆ ತಿನ್ನಲು ಬಿಡುತ್ತಿಲ್ಲ, ಇಲ್ಲವೇ ರೋಗವಿದೆ.

ಹೊಸ ಜಾಲರಿ ತಂದಾಗ ಅದರ ಸತುವಿನ ಲೇಪದ ಬಗ್ಗೆ ಎಚ್ಚರ. ಗಿಳಿ ಕೊಕ್ಕಿನಿಂದ ಜಾಲರಿ ಹತ್ತುತ್ತದೆ, ಲೇಪದ ಚೂರುಗಳು ಹೊಟ್ಟೆಗೆ ಹೋಗಿ ವಿಷವಾಗುತ್ತವೆ: ವಾಂತಿ, ನಿತ್ರಾಣ, ಕಡುಹಸಿರು ಹಿಕ್ಕೆ. ಕಟ್ಟುವ ಮೊದಲೇ ವಿನೆಗರ್ ಹಾಕಿ ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆದು, ಕೆಲವು ವಾರ ಮಳೆ ಬಿಸಿಲಿಗೆ ಬಿಡಿ. ನಿಮ್ಮ ಊರಿನ ಚಳಿಯಲ್ಲಿ ರಾತ್ರಿ ಜಾಲರಿಗೆ ಅಂಟಿಕೊಂಡು ಮಲಗುವ ಗಿಳಿಗೆ ಬೆರಳು ಹೆಪ್ಪುಗಟ್ಟಿ ಉದುರಬಹುದು. ಮುಚ್ಚಿದ ಒಳಮನೆ ಇರಲಿ, ಅಲ್ಲಿ ಬೆರಳುಗಳ ಮೇಲೆ ಹೊಟ್ಟೆಯಿಟ್ಟು ಕೂರುವಂತೆ ಅಗಲವಾದ ಪಟ್ಟಿಯಿರಲಿ. ಛಾವಣಿಯ ಒಂದಷ್ಟು ಭಾಗಕ್ಕಾದರೂ ಶೀಟ್ ಹೊದಿಸಿ, ಆಹಾರದ ಬಟ್ಟಲನ್ನು ಅದರಡಿಗೇ ಇಡಿ. ಲಂಡನ್ ಸುತ್ತ ಈಗ ಕಾಡುಗಿಳಿಗಳ ದೊಡ್ಡ ಸಂಖ್ಯೆಯೇ ಇದೆ. ಅವುಗಳ ಹಿಕ್ಕೆಯಿಂದ ಕೊಕ್ಕು ಮತ್ತು ಪುಕ್ಕಕ್ಕೆ ತಗಲುವ ವೈರಸ್ ರೋಗ ಒಳಬರಬಹುದು. ಸಾಕಿದ್ದನ್ನು ಆ ಗುಂಪಿಗೆ ಬಿಟ್ಟುಬಿಡುವ ಯೋಚನೆ ಬಂದರೆ, 1981ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಅದು ಅಪರಾಧ. 2024ರ ಅಕ್ಟೋಬರ್‌ನಿಂದ ಅಲ್ಲಿ ಹೊರಗೆ ಹಕ್ಕಿ ಸಾಕುವವರೆಲ್ಲ ಸರ್ಕಾರಿ ನೋಂದಣಿ ಮಾಡಿಸಬೇಕು. ನೀವು ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ.

ಪ್ರಶ್ನೆ: ರಿಂಗ್‌ನೆಕ್‌ಗಳಿರುವ ಏವಿಯರಿಗೆ ಕಾಕಟೀಲ್, ಲವ್‌ಬರ್ಡ್ಸ್ ಸೇರಿಸಬಹುದೇ? (ಮೆಲ್ಬರ್ನ್)

ಉತ್ತರ: ಬೇಡ. ಕಾಕಟೀಲ್ ಸಾಧು ಹಕ್ಕಿ, ರಿಂಗ್‌ನೆಕ್‌ನ ಒಂದೇ ಕಡಿತಕ್ಕೆ ಅದರ ಕಾಲು ಮುರಿಯಬಹುದು. ಲವ್‌ಬರ್ಡ್ಸ್ ಚಿಕ್ಕವಾದರೂ ತಾವೇ ಕಾಲ್ಬೆರಳು ಕಚ್ಚುವವು.

ಪ್ರಶ್ನೆ: ನನ್ನ ತಮ್ಮ ತೋಟದ ಮರದಿಂದ ಎರಡು ಗಿಣಿ ಮರಿ ತಂದಿದ್ದಾನೆ. ಹಾಲನ್ನ ತಿನ್ನಿಸುತ್ತಿದ್ದೇವೆ. ಸ್ನೇಹಿತರು ಇನ್ನೆರಡು ಕೊಡುತ್ತಾರಂತೆ. ನಾಲ್ಕಕ್ಕೆ ಎಷ್ಟು ದೊಡ್ಡ ಪಂಜರ ಬೇಕು? (ದಾವಣಗೆರೆ ಜಿಲ್ಲೆ)

ಉತ್ತರ: ಪಂಜರದ ಅಳತೆ ನಾನು ಹೇಳಲಾರೆ. ಇಂಗ್ಲೆಂಡಿನ ಓದುಗರ ಬಳಿ ಇರುವುದೂ ಇದೇ ಜಾತಿಯ ಗಿಳಿಯೇ, ಆದರೆ ನಮ್ಮಲ್ಲಿ ಇದು ಕಾಡಿನ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಇನ್ನೆರಡನ್ನು ಖಂಡಿತ ತರಬೇಡಿ. ಇರುವ ಎರಡನ್ನು ವಲಯ ಅರಣ್ಯಾಧಿಕಾರಿ ಕಚೇರಿಗೆ ಒಪ್ಪಿಸಿ. ನೀವೇ ಹಾರಿಬಿಡಬೇಡಿ, ಕೈತುತ್ತಿಗೆ ಒಗ್ಗಿದ ಮರಿ ಕಾಗೆಯ ಪಾಲಾಗುತ್ತದೆ. ಒಪ್ಪಿಸುವ ತನಕ ಹಾಲನ್ನ ನಿಲ್ಲಿಸಿ, ಹಾಲು ಹಕ್ಕಿಗೆ ಜೀರ್ಣವಾಗದು. ಬರೀ ಅನ್ನದಲ್ಲಿ ಸುಣ್ಣದ ಅಂಶ ಸಾಲದೆ ಕಾಲಿನ ಮೂಳೆ ಬಾಗುತ್ತದೆ. ಒಂದೆರಡು ದಿನಕ್ಕೆ ನೆನೆಸಿ ಬೇಯಿಸಿದ ಹೆಸರುಕಾಳನ್ನು ನುಣ್ಣಗೆ ಅರೆದು, ಉಗುರುಬೆಚ್ಚಗಿರುವಾಗ ಕೊಡಿ.

ಪ್ರಶ್ನೆ: ಆರು ಗಿಳಿಗಳ ಏವಿಯರಿ ಗುಡಿಸುವುದು ನನ್ನ ಕೆಲಸ. ವಾರದಿಂದ ಜ್ವರ, ತಲೆನೋವು, ಒಣಕೆಮ್ಮು. ಹೊಸದಾಗಿ ತಂದ ಗಿಳಿಯೂ ಪುಕ್ಕ ಉಬ್ಬಿಸಿಕೊಂಡು ಮಂಕಾಗಿದೆ. ಸಂಬಂಧವಿದೆಯೇ? (ಲೆಸ್ಟರ್)

ಉತ್ತರ: ಇರಬಹುದು. ಇವತ್ತೇ ನಿಮ್ಮ ಡಾಕ್ಟರ ಬಳಿ ಹೋಗಿ, ‘ಮನೆಯಲ್ಲಿ ಗಿಳಿಗಳಿವೆ, ಒಂದಕ್ಕೆ ಹುಷಾರಿಲ್ಲ’ ಎಂದು ಮೊದಲೇ ಹೇಳಿ. ಸಿಟಕೋಸಿಸ್ ಎಂಬ ಸೋಂಕು ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರ ಶ್ವಾಸಕೋಶ ಸೇರುತ್ತದೆ. ಗಿಳಿಯ ಮಾತು ಬಾರದಿದ್ದರೆ ಡಾಕ್ಟರು ಸಾಮಾನ್ಯ ನ್ಯುಮೋನಿಯಾ ಎಂದುಕೊಂಡು ಇದಕ್ಕೆ ಕೆಲಸ ಮಾಡದ ಆ್ಯಂಟಿಬಯಾಟಿಕ್ ಕೊಡುವ ಸಂಭವವಿದೆ. ಸರಿಯಾದ ಔಷಧಕ್ಕೆ ಬೇಗ ಗುಣವಾಗುವ ರೋಗ ಇದು. ಮಂಕಾದ ಗಿಳಿಯನ್ನು ಬೇರ್ಪಡಿಸಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಸೋಂಕು ಖಚಿತವಾದರೆ ಅದರ ಜೊತೆಗಿದ್ದ ಎಲ್ಲ ಗಿಳಿಗಳಿಗೂ ಚಿಕಿತ್ಸೆ ಬೇಕು. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 45 ದಿನ, ನಡುವೆ ನಿಲ್ಲಿಸುವಂತಿಲ್ಲ. ಒಣ ಹಿಕ್ಕೆ ಗುಡಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಎನ್-95 ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಗುಣವಾಗುವ ತನಕ ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ, ಮಾಸ್ಕ್ ಹಾಕಿಕೊಂಡೇ. ಗರ್ಭಿಣಿಯರು ಮಾತ್ರ ಏವಿಯರಿಯ ಹತ್ತಿರ ಸುಳಿಯುವುದು ಬೇಡ. ಮುಂದೆ ಯಾವ ಹೊಸ ಗಿಳಿ ತಂದರೂ ಆರು ವಾರ ಬೇರೆ ಕೋಣೆಯಲ್ಲಿಟ್ಟು, ಪರೀಕ್ಷೆಯ ವರದಿ ಬಂದ ಮೇಲೆ ಉಳಿದವುಗಳ ಹತ್ತಿರ ಒಯ್ಯಿರಿ.