ಮುಪ್ಪಿಗೆ ಮದ್ದು ಹುಡುಕುವ ಮುನ್ನ

ಗುಂಡ್ಲುಪೇಟೆಯ ಮಸೀದಿಯೊಂದರಲ್ಲಿ ಇಶಾ ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ವಯಸ್ಸು ಐವತ್ತೈದರ ಆಸುಪಾಸು. ತೆರಕಣಾಂಬಿಯಲ್ಲಿ ತರಕಾರಿ ಕೊಂಡು ಕೇರಳಕ್ಕೆ ಕಳುಹಿಸುವ ವ್ಯಾಪಾರ.

"ಹಜ್ರತ್, ಕೇಳಲು ನಾಚಿಕೆಯಾಗುತ್ತದೆ. ಮೈಯಲ್ಲಿ ಕಸುವಿಲ್ಲ. ಮನೆಯವಳೊಂದಿಗೆ ಮೊದಲಿನಂತೆ ಇರಲಾಗುತ್ತಿಲ್ಲ. ಗಂಡಸಿನ ಹಾರ್ಮೋನಿನ ಇಂಜೆಕ್ಷನ್ ಹಾಕಿಸಿಕೊಂಡರೆ ಸರಿಹೋಗುತ್ತದಂತೆ. ಅದು ಜಾಯಿಝೇ?"

"ಚಾಚಾ, ಡಾಕ್ಟರಿಗೆ ತೋರಿಸಿದಿರಾ?" ಎಂದೆ.

"ಇಲ್ಲ. ಮನೆಯವಳಿಗೂ ಹೇಳಿಲ್ಲ" ಎಂದು ತಲೆ ತಗ್ಗಿಸಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಆದುದರಿಂದ ಇದನ್ನು ಇಲ್ಲಿ ವಿವರವಾಗಿ ನೋಡೋಣ.

ಮೊದಲನೆಯದು ನಾಚಿಕೆ. ಲಜ್ಜೆಯು ಈಮಾನಿನ ಅಂಗವೆಂಬುದು ನಿಜ. ಆದರೆ ಅನ್ಸಾರ್ ಮಹಿಳೆಯರು ತಮ್ಮ ದೇಹಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಪ್ರವಾದಿವರ್ಯರ(ಸ) ಬಳಿಯೇ ಕೇಳಿ ತಿಳಿದುಕೊಂಡರು. ಅದಕ್ಕಾಗಿ ಹ. ಆಯಿಶಾ(ರ) ಅವರನ್ನು ಮೆಚ್ಚಿ ಮಾತಾಡಿದರು. ಪತ್ನಿಗೂ ದಾಂಪತ್ಯ ಸುಖದ ಹಕ್ಕಿದೆ. ಹೀಗಿರುವಾಗ ಗಂಡನು ತನ್ನ ತೊಂದರೆಯನ್ನು ಅವಳಿಂದಲೇ ಮುಚ್ಚಿಟ್ಟರೆ, ಅವಳು ಅದನ್ನು ಉಪೇಕ್ಷೆಯೆಂದು ತಿಳಿದು ನೊಂದುಕೊಳ್ಳುವಳು.

ಎರಡನೆಯದು, ಇದು ರೋಗವೋ ವಯೋಸಹಜವೋ ಎಂಬುದು. ಹ. ಉಸಾಮಾ ಬಿನ್ ಶರೀಕ್(ರ) ವರದಿ ಮಾಡಿದ ಹದೀಸೊಂದಿದೆ. ಮರುಭೂಮಿಯ ಅರಬರು ಚಿಕಿತ್ಸೆಯ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ) ಚಿಕಿತ್ಸೆ ಮಾಡಿಸಿಕೊಳ್ಳಲು ಹೇಳಿದರು. ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಟ್ಟಿರುವನೆಂದೂ ಮುಪ್ಪು ಮಾತ್ರ ಅದಕ್ಕೆ ಹೊರತೆಂದೂ ತಿಳಿಸಿದರು. ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆ.

ಪುರುಷರ ವೃಷಣಗಳಲ್ಲಿ ಉತ್ಪತ್ತಿಯಾಗುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಮೂವತ್ತು ನಲ್ವತ್ತರ ನಂತರ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತದೆ. ಇದು ರೋಗವಲ್ಲ. ಆದರೆ ವೃಷಣಕ್ಕೋ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಗೋ ಹಾನಿಯಾಗಿ ಹಾರ್ಮೋನು ತೀರಾ ಕುಸಿದರೆ ಅದು ರೋಗ, ಅದಕ್ಕೆ ಚಿಕಿತ್ಸೆಯಿದೆ. ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರೆಯ ಕೊರತೆ, ಕೆಲವು ಔಷಧಿಗಳು ಸಹ ಅದನ್ನು ತಗ್ಗಿಸುತ್ತವೆ. ರಕ್ತಪರೀಕ್ಷೆಯನ್ನು ಬೆಳಿಗ್ಗೆಯೇ ಮಾಡಿಸಬೇಕು, ಬೇರೆ ಬೇರೆ ದಿನ ಎರಡು ಸಲ ಮಾಡಿಸಬೇಕು. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆಯಿದ್ದು, ಲಕ್ಷಣಗಳೂ ಇದ್ದರೆ ಮಾತ್ರ ಕೊರತೆಯೆಂದು ಅನೇಕ ವೈದ್ಯರು ಪರಿಗಣಿಸುತ್ತಾರೆ. ಬರಿಯ ಆಯಾಸವನ್ನು ನೋಡಿ ಇಂಜೆಕ್ಷನ್ ಕೊಡುವುದು ಚಿಕಿತ್ಸೆಯಲ್ಲ.

ಮೂರನೆಯದು ಲಾಭ-ಹಾನಿ. ನಿಜವಾದ ಕೊರತೆಯಿರುವವರಿಗೆ ಇದರಿಂದ ದಾಂಪತ್ಯದ ಆಸಕ್ತಿ ಮರಳುವುದುಂಟು. 2023ರಲ್ಲಿ ಪ್ರಕಟವಾದ 'ಟ್ರಾವರ್ಸ್' ಎಂಬ ಅಧ್ಯಯನದಲ್ಲಿ 45ರಿಂದ 80 ವರ್ಷದ, ಹಾರ್ಮೋನು ಕಡಿಮೆಯಿದ್ದ ಹಾಗೂ ಹೃದ್ರೋಗವೋ ಅದರ ಅಪಾಯವೋ ಇದ್ದ 5,000ಕ್ಕೂ ಹೆಚ್ಚು ಪುರುಷರನ್ನು ಪರೀಕ್ಷಿಸಲಾಯಿತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯ ಬಡಿತ ಏರುಪೇರಾಗುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಾಗಿಯೇ ಕಂಡುಬಂತು. ಈ ಔಷಧಿಯಿಂದ ರಕ್ತ ದಪ್ಪವಾಗಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವೀರ್ಯಾಣುಗಳು ಕುಂದುವುದರಿಂದ ಸಂತಾನ ಬಯಸುವವರು ತೆಗೆದುಕೊಳ್ಳಬಾರದು. ಒಮ್ಮೆ ಆರಂಭಿಸಿದರೆ ಆಗಾಗ ರಕ್ತಪರೀಕ್ಷೆ ತಪ್ಪದು. ಅದರ ಖರ್ಚನ್ನೂ ಲೆಕ್ಕ ಹಾಕಬೇಕು.

ಜಾಯಿಝೇ ಎಂಬ ಪ್ರಶ್ನೆಗೆ ಉತ್ತರ ಇದರಿಂದಲೇ ಹೊರಡುತ್ತದೆ. ರೋಗವಿದ್ದು ನುರಿತ ವೈದ್ಯರು ಸೂಚಿಸಿದರೆ ಚಿಕಿತ್ಸೆ ಪಡೆಯಲು ಅಡ್ಡಿಯಿಲ್ಲ. ಇಂದು ಈ ಹಾರ್ಮೋನನ್ನು ಹೆಚ್ಚಾಗಿ ಸೋಯಾದಂತಹ ಸಸ್ಯಗಳ ಅಂಶದಿಂದ ತಯಾರಿಸುತ್ತಾರೆ. ಕ್ಯಾಪ್ಸೂಲಾದರೆ ಅದರ ಹೊರಕವಚ ಯಾವುದರದ್ದೆಂದು ಕೇಳಿಕೊಳ್ಳಿರಿ. ರೋಗವಿಲ್ಲದೆ, ಕೇವಲ ಹರೆಯವನ್ನು ಮರಳಿ ತರುವ ಹಂಬಲದಿಂದ ದೇಹವನ್ನು ಅಪಾಯಕ್ಕೊಡ್ಡುವುದು ಬೇರೆ ವಿಷಯ. ದೇಹವು ನಮ್ಮ ಸೊತ್ತಲ್ಲ, ಅಮಾನತ್ತು. ರಸ್ತೆಬದಿಯ ಡೇರೆಗಳಲ್ಲಿ ಮಾರುವ ಹೆಸರಿಲ್ಲದ ಪುಡಿ, ಲೇಹ್ಯಗಳಿಂದಂತೂ ದೂರವಿರಿ. ಅವುಗಳಲ್ಲಿ ಏನು ಬೆರೆತಿದೆಯೆಂದು ಕೊಳ್ಳುವವನಿಗೆ ತಿಳಿಯದು.

ಆ ಹಿರಿಯರು ಪತ್ನಿಗೆ ವಿಷಯ ತಿಳಿಸಿದರು. ಒಂದು ದಿನ ಫಜ್ರ್ ನಮಾಝಿನ ನಂತರ ಇಬ್ಬರೂ ಚಾಮರಾಜನಗರದ ಬಸ್ಸು ಹತ್ತಿದರು. ಎರಡು ಸಲದ ಪರೀಕ್ಷೆಯಲ್ಲೂ ಹಾರ್ಮೋನು ವಯಸ್ಸಿಗೆ ತಕ್ಕಷ್ಟೇ ಇತ್ತು. ಆದರೆ ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಹಾಸಿಗೆಯಲ್ಲಿನ ದೌರ್ಬಲ್ಯವು ಎಷ್ಟೋ ಸಲ ಸಕ್ಕರೆ ಕಾಯಿಲೆಯ ಅಥವಾ ಹೃದ್ರೋಗದ ಮೊದಲ ಎಚ್ಚರಿಕೆಯಾಗಿರುತ್ತದೆ. ಮುಚ್ಚಿಟ್ಟು ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಆ ಎಚ್ಚರಿಕೆ ವ್ಯರ್ಥವಾಗುತ್ತಿತ್ತು.

ಮೊನ್ನೆ ಸಿಕ್ಕಾಗ ಅವರೆಂದರು: "ಹಜ್ರತ್, ಮಾತ್ರೆ ನಡೆಯುತ್ತಿದೆ. ಸಂಜೆ ಇಬ್ಬರೂ ಒಂದಿಷ್ಟು ದೂರ ನಡೆಯುತ್ತೇವೆ. ಎಷ್ಟೋ ವರ್ಷಗಳ ಮೇಲೆ ಅವಳೊಂದಿಗೆ ಕುಳಿತು ಮಾತಾಡುತ್ತಿದ್ದೇನೆ."

ದುರ್ಬಲವಾದ ಶಿಶುವಿಗೆ ಬಲ ಕೊಟ್ಟವನೂ ಆ ಬಲದ ನಂತರ ನರೆಯನ್ನು ಕೊಡುವವನೂ ಅಲ್ಲಾಹನೇ. ರೋಗವನ್ನು ಮುಚ್ಚಿಡದ ವಿವೇಕವನ್ನೂ ವಯಸ್ಸನ್ನು ಒಪ್ಪಿಕೊಳ್ಳುವ ಸಹನೆಯನ್ನೂ ಅವನು ನಮಗೆ ಅನುಗ್ರಹಿಸಲಿ. ಆಮೀನ್.