ಮಂಜು ಸರಿಯುವ ತನಕ ಕಾಯಿರಿ

ಸಕಲೇಶಪುರಕ್ಕೆ ಕ್ಯಾಮೆರಾ ಹಿಡಿದು ಬರುವವರು ಬಹುತೇಕ ನೇರ ಮಂಜರಾಬಾದ್ ಕೋಟೆಗೇ ಓಡುತ್ತಾರೆ. ಓಡಿ, ಬೇಡ ಎನ್ನುವುದಿಲ್ಲ. ಆದರೆ 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರ ನೆಲದ ಮೇಲೆ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಇಂಟರ್‌ನೆಟ್ಟಿನ ಡ್ರೋನ್ ಚಿತ್ರ ನೆನೆದು ಮುಖ ಸಣ್ಣ ಮಾಡಿಕೊಳ್ಳಬೇಡಿ. ಗೋಡೆ ತಟ್ಟನೆ ತಿರುಗುವ ಒಂದೇ ಒಂದು ಮೂಲೆ ಹಿಡಿಯಿರಿ. ನಡುವಿನ ಮೆಟ್ಟಿಲುಬಾವಿಗೆ ಬಗ್ಗಿ ನೋಡಿ. ಮಳೆಗಾಲವಾದರೆ ಪಾಚಿ ಜಾರುತ್ತದೆ, ಹುಷಾರು.

ಆಮೇಲೆ ಪೇಟೆಗೆ ಇಳಿಯಿರಿ. ನನ್ನ ಕೇಳಿದರೆ ನಿಜವಾದ ಚಿತ್ರ ಇರುವುದು ಅಲ್ಲೇ: ಹೇಮಾವತಿ ದಡದ ಸಕಲೇಶ್ವರ ದೇಗುಲ, ಕಾಫಿ ಮೂಟೆ ಇಳಿಸುವ ಗೋದಾಮು, ಕಪ್ಪುಗಟ್ಟಿದ ಮಂಗಳೂರು ಹೆಂಚಿನ ಸಾಲು. ಹೆಂಚು ಬಿಚ್ಚಿಟ್ಟ ಮನೆ ಸಿಕ್ಕರೆ ಒಂದನ್ನು ಮಗುಚಿ ನೋಡಿ, ಒಳಮೈಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಅದನ್ನು ಹತ್ತಿರದಿಂದ, ಓರೆ ಬಿಸಿಲಿನಲ್ಲಿ ತೆಗೆಯಿರಿ. ನೆತ್ತಿಯ ಬಿಸಿಲಿಗೆ ಅಕ್ಷರ ಮುಚ್ಚಿಹೋಗುತ್ತವೆ.

ಎ.ಸಿ. ಹಾಕಿ ತಣ್ಣಗಾದ ಕಾರಿನಿಂದ ಹೊರಗಿನ ಬೆಚ್ಚಗಿನ ತೇವದ ಗಾಳಿಗೆ ಇಳಿದ ಕೂಡಲೇ ಲೆನ್ಸ್ ಮಬ್ಬಾಗುತ್ತದೆ. ಒರೆಸುತ್ತ ಕೂರಬೇಡಿ, ಹತ್ತು ನಿಮಿಷ ಬಿಡಿ, ಅಷ್ಟರಲ್ಲಿ ಕಾಫಿ ಕುಡಿಯಿರಿ.

ಜಗಲಿಯಲ್ಲಿ ಅಜ್ಜಿ ಕೂತಿದ್ದರೆ ಮೊದಲು ಮಾತು, ಆಮೇಲೆ ಫೋಟೊ. "ಅಜ್ಜಿ, ನಿಮ್ಮ ಮನೆ ಚೆನ್ನಾಗಿದೆ, ಒಂದು ತಗೊಳ್ಳಲಾ?" ಅಂದೆ ಒಮ್ಮೆ. "ತಡಿ ಮಗ, ಸೀರೆ ಬದಲಾಯ್ಸಿ ಬರ್ತೀನಿ" ಅಂದರು. ಬೆಳಕು ಹೋಯಿತು, ಅಕ್ಕಿರೊಟ್ಟಿ ಬಂತು.